ಪಡುವಣ ಗೋಡೆಯ ಹದಿನೆಂಟನೆಯ ದಿನ

ಹೊಂಬೆಳಕು ಬಡಾವಣೆಯಲ್ಲಿ ಮೊದಲು ಬಾಯಿ ಬಿಟ್ಟದ್ದು ಪಾಲಾಕ್ಷಪ್ಪನವರ ಮನೆಯ ಗೋಡೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಬೀದಿನಾಯಿಗಳು ಕೂಡ ಕಾರಿನ ಕೆಳಗೆ ಸೇರಿಕೊಂಡಿದ್ದ ಹೊತ್ತಿನಲ್ಲಿ, ಬಡಾವಣೆಯ ಸಂಘದ ಅಧ್ಯಕ್ಷರೂ ನಿವೃತ್ತ ಹೆಡ್‌ಮಾಸ್ಟರರೂ ಆದ ಪಾಲಾಕ್ಷಪ್ಪನವರ ಪಡುವಣ ಗೋಡೆ ಅವರದೇ ದನಿಯಲ್ಲಿ, ಹಳೇ ರೇಡಿಯೋದೊಳಗಿಂದ ಬಂದಷ್ಟು ತೆಳ್ಳಗೆ ಮಾತಾಡಿತು: "ವಾಕಿಂಗೂ ಇಲ್ಲ ಏನೂ ಇಲ್ಲ ಕಣಯ್ಯಾ. ಹಾಲಿನ ಬೂತ್ ಹಿಂದೆ ನಿಂತ್ಕೊಂಡು ನಾಲ್ಕು ಬೋಂಡಾ ತಿಂದ್ಕೊಂಡ್ ಬಂದೆ. ನಮ್ಮನೇಲಿ ಹೇಳ್ಬೇಡ."

ಸೊಪ್ಪು ಮಾರುವವಳು ಬುಟ್ಟಿ ಇಳಿಸಿ ಇದನ್ನು ಪೂರ್ತಿ ಕೇಳಿಸಿಕೊಂಡಳು. ಸಂಜೆಯೊಳಗೆ ಇಡೀ ಬಡಾವಣೆಗೆ ಸುದ್ದಿ ತಲುಪಿತು. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಸಕ್ಕರೆ ಕಾಯಿಲೆಯವರನ್ನು ಸಾಲಾಗಿ ನಿಲ್ಲಿಸಿ ನಡಿಗೆಯ ಮಹತ್ವ ಬೋಧಿಸುತ್ತಿದ್ದ ಮಹಾನುಭಾವರು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಅವರ ಪಕ್ಕದ ಮನೆಯ ಗೋಡೆಯೂ ಶುರುಮಾಡಿದ್ದರಿಂದ ಸ್ವಲ್ಪ ಧೈರ್ಯ ತಂದುಕೊಂಡು ಹೊರಬಂದರು.

ಮೈಸೂರಿನ ರಿಂಗ್ ರಸ್ತೆಯಾಚೆಗಿನ ಈ ಬಡಾವಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸೈಟು ಮಾರುವಾಗ ಹಂಚಿದ ಬಣ್ಣದ ಕಾಗದದಲ್ಲಿ ಪಾರ್ಕು, ಹಾಲಿನ ಬೂತು, ಮಕ್ಕಳ ಶಾಲೆ, ಗಣಪತಿ ಗುಡಿ, ವಾಚನಾಲಯ, ಸಮುದಾಯ ಭವನ ಎಲ್ಲವೂ ಐದು ನಿಮಿಷದ ನಡಿಗೆಯಲ್ಲಿ ಎಂದು ಅಚ್ಚಾಗಿತ್ತು. ಅದು ನಿಜವೂ ಆಗಿತ್ತು. ಆ ಸಮುದಾಯ ಭವನದ ವಾಲಗ, ಆರ್ಕೆಸ್ಟ್ರಾ, ಬೀಗರೂಟದ ಗಲಾಟೆ ಐದು ಸೆಕೆಂಡಿನಲ್ಲಿ ಮನೆಯೊಳಗೆ ಬರುತ್ತದೆ ಎನ್ನುವುದನ್ನು ಮಾತ್ರ ಅಚ್ಚು ಹಾಕಿರಲಿಲ್ಲ. ಮುಹೂರ್ತಗಳ ತಿಂಗಳಲ್ಲಿ ಜನ ತಮ್ಮ ನಡುಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಸನ್ನೆ ಮಾಡಿ ಕಾಫಿ ಕೇಳುತ್ತಿದ್ದರು.

ಆಗ ಅವರನ್ನು ಕಾಪಾಡಿದ್ದು ವಿಮಲಾಕ್ಷಿ. ಬಡಾವಣೆಯ ಪಾರ್ಕಿಗೆ ಎದುರಾಗಿ, ಮೂವತ್ತೇಳನೇ ನಂಬರಿನ ಮನೆ ಅವಳದು. ನಗರದ ಕಟ್ಟಡ ಸಾಮಗ್ರಿಗಳ ಸಂಶೋಧನಾಲಯವೊಂದರಲ್ಲಿ ವಿಜ್ಞಾನಿ. ಒಂಬತ್ತು ವರ್ಷದ ಹಿಂದೆ ಅವಳು ಶಬ್ದವನ್ನು ನುಂಗುವ ಒಂದು ಗಾರೆಯನ್ನು ಕಂಡುಹಿಡಿದಳು. ಸಾಸಿವೆಗಿಂತ ಸಣ್ಣ ಟೊಳ್ಳು ಕಾಳುಗಳು, ಪ್ರತಿ ಕಾಳಿನೊಳಗೂ ಕಣ್ಣಿಗೆ ಕಾಣದಷ್ಟು ತೆಳುವಾದ ಹರಳಿನ ಎಳೆಗಳು. ಶಬ್ದ ಬಡಿದರೆ ಎಳೆ ಬಾಗುತ್ತದೆ, ಬಾಗುವುದರಲ್ಲೇ ಶಬ್ದದ ಕಸುವೆಲ್ಲ ತೀರಿಹೋಗುತ್ತದೆ. ಅದಕ್ಕೆ ಮೌನಗಾರೆ ಎಂದು ಹೆಸರಾಯಿತು. ಮೊದಲು ಬಳಿದದ್ದು ಸಮುದಾಯ ಭವನಕ್ಕೆ, ಆಮೇಲೆ ಅವಳ ಮನೆಗೆ, ಆಮೇಲೆ ಒಬ್ಬರನ್ನು ನೋಡಿ ಒಬ್ಬರಂತೆ ಎಲ್ಲ ಮನೆಗಳಿಗೆ. ಅಂದಿನಿಂದ ಬಡಾವಣೆ ತಣ್ಣಗೆ ನಿದ್ದೆ ಮಾಡಿತು.

ಒಂಬತ್ತು ವರ್ಷ.

ಪಾಲಾಕ್ಷಪ್ಪನವರ ಗೋಡೆ ಮಾತಾಡಿದ ಮೂರನೆಯ ದಿನ ಪ್ರಯೋಗಾಲಯದಲ್ಲಿ ಅವಳ ಸಹೋದ್ಯೋಗಿ ನಿಲೋಫರ್ ಹಳೆಯ ಗಾರೆಯ ಒಂದು ಹಲಗೆಯನ್ನು ಬಿಸಿಪೆಟ್ಟಿಗೆಯೊಳಗಿಟ್ಟು ಕಿವಿಗೊಟ್ಟು ನಿಂತಿದ್ದಳು. ಪ್ರಯೋಗಾಲಯದ ಗೋಡೆಯಿಂದಲೇ ಕಿತ್ತ ತುಂಡು ಅದು. ಶಾಖ ಏರುತ್ತಿದ್ದಂತೆ ಹಲಗೆಯೊಳಗಿಂದ ವಿಮಲಾಕ್ಷಿಯದೇ ಹಳೆಯ ದನಿ ಕೇಳಿಸಿತು: "ಕ್ಯಾಂಟೀನಲ್ಲಿ ಇವತ್ತೂ ವಡೆ ಮಾಡಿಲ್ವಂತೆ."

ನಿಲೋಫರ್ ನಕ್ಕಳು. ಆಮೇಲೆ ವಿಮಲಾಕ್ಷಿಯ ಮೋರೆ ನೋಡಿ ನಗು ನಿಲ್ಲಿಸಿದಳು.

"ಎಳೆಗಳು ಬಾಗಿದ ಮೇಲೆ ನೆಟ್ಟಗಾಗ್ಲೇ ಇಲ್ಲ ಮೇಡಂ. ಬಾಗ್ಕೊಂಡೇ ಉಳ್ಕೊಂಡಿವೆ. ಹೊರಗಡೆ ಪದರ ತುಂಬಿದ್ ಮೇಲೆ ಅದರ ಒಳಗಿನ ಪದರ, ಹಾಗೇ ತುಂಬ್ತಾ ಬಂದಿವೆ. ಈ ಸಲ ಬಿಸಿಲು ಜಾಸ್ತಿ ಆಯ್ತಲ್ಲ, ಎಲ್ಲಕ್ಕಿಂತ ಹಳೇ ಪದರ ಹೊರಗಿನ ಮೈಗೆ ಹತ್ರ ಇರೋದ್ರಿಂದ ಅದೇ ಮೊದಲು ಸಡಿಲ ಆಗ್ತಿದೆ. ಸಡಿಲ ಆದಾಗ ಹಿಡ್ಕೊಂಡಿದ್ದನ್ನ ಬಿಟ್ಟುಬಿಡತ್ತೆ."

"ಎಲ್ಲಾನೂ ಹಿಡ್ಕೊಂಡಿದ್ಯಾ?"

"ಇಲ್ಲ. ಗೋಡೆಯಿಂದ ಒಂದು ತೋಳಿನಳತೆ ಒಳಗೆ ನಿಂತು ಆಡಿದ್ದು ಮಾತ್ರ. ಇಲ್ಲಾಂದ್ರೆ ಕೂಗಾಡಿದ್ದು. ಮಿಕ್ಕಿದ್ದೆಲ್ಲ ಕಲಸಿಹೋಗಿದೆ. ಲೆಕ್ಕ ಹಾಕ್ದೆ ಮೇಡಂ. ಪಡುವಣ ಗೋಡೆಗಳು ಒಂದು ಮಧ್ಯಾಹ್ನಕ್ಕೆ ನಾಲ್ಕು ತಿಂಗಳಷ್ಟು ಹೊರಗೆ ಹಾಕ್ತವೆ. ಹಳೇದು ಮೊದಲು. ನಿಮ್ಮ ಮನೆ ಶುರು ಆಯ್ತಾ?"

"ನಿನ್ನೆ ಶುರುವಾಯ್ತು" ಎಂದಳು ವಿಮಲಾಕ್ಷಿ. ಗೃಹಪ್ರವೇಶದ ದಿನ ಹಾಲು ಉಕ್ಕಿದಾಗ ಅವಳ ಅತ್ತೆ ಕೂಗಿದ ಕೂಗು ನಿನ್ನೆ ಮಧ್ಯಾಹ್ನ ಪಾರ್ಕಿಗೆ ಕೇಳಿಸಿತ್ತು. ಅತ್ತೆ ತೀರಿಕೊಂಡು ಎರಡು ವರ್ಷ. ವಿಮಲಾಕ್ಷಿಯ ಗಂಡ ಧನಂಜಯ ಗೋಡೆಗೆ ಕೈಯಿಟ್ಟು ನಿಂತು ಅತ್ತುಬಿಟ್ಟಿದ್ದ.

ಅವಳು ಅಳಲಿಲ್ಲ. ನಿಲೋಫರಳ ಮೇಜಿನ ಮೇಲಿದ್ದ ಪೆನ್ಸಿಲನ್ನು ತೆಗೆದುಕೊಂಡು, ಯಾರಿಗೂ ಕಾಣದ ಹಾಗೆ ಅಂಗೈ ಅಡ್ಡ ಇಟ್ಟುಕೊಂಡು ಲೆಕ್ಕ ಹಾಕಿದಳು. ಮನೆ ಹೊಕ್ಕದ್ದು ಒಂಬತ್ತು ವರ್ಷದ ಹಿಂದಿನ ಜೂನ್. ದಿನಕ್ಕೆ ನಾಲ್ಕು ತಿಂಗಳು. ಅವಳಿಗೆ ಬೇಕಾಗಿದ್ದ ಏಪ್ರಿಲ್ ಬರುವುದು ನಿನ್ನೆಯಿಂದ ಎಣಿಸಿದರೆ ಹದಿನೆಂಟನೆಯ ದಿನ, ಒಂದು ಭಾನುವಾರ. ಲೆಕ್ಕ ಸರಿಯಾಗಿದೆಯೇ ಎಂದು ಮತ್ತೆರಡು ಸಲ ನೋಡಿದಳು. ಜೀವಮಾನದಲ್ಲಿ ಮೊದಲ ಸಲ, ತನ್ನ ಲೆಕ್ಕ ತಪ್ಪಾಗಲಿ ಎಂದು ಆಸೆಪಟ್ಟಳು.

ವಿಷಯ ಇಷ್ಟು. ದೇವೀರಮ್ಮ ಎಂಬ ಹೆಂಗಸು ಅವಳ ಮನೆಯಲ್ಲಿ ಐದು ವರ್ಷ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದಳು. ಅದೇ ಬೀದಿಯಲ್ಲಿ ಇನ್ನೂ ಆರು ಮನೆಗಳ ಕೆಲಸ ಅವಳದಾಗಿತ್ತು. ಐದನೆಯ ವರ್ಷದ ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶಕ್ಕೆ ಲಕ್ಷ್ಮಿಯ ಬೆಳ್ಳಿ ಮುಖವಾಡ ಕಟ್ಟಿ, ರೇಷ್ಮೆ ಸೀರೆ ಉಡಿಸಿ, ಒಡವೆ ಹಾಕಿ ಕೂರಿಸಿದ್ದರು. ಮಾರನೆಯ ದಿನ ಕಲಶ ಕದಲಿಸಿ ಎಲ್ಲ ಎತ್ತಿಟ್ಟರು. ವಾರವಾದ ಮೇಲೆ ನೋಡಿದರೆ ಮುಖವಾಡ ಇಲ್ಲ. ಅದು ಅತ್ತೆಯ ತವರಿನಿಂದ ಬಂದದ್ದು.

ವಿಮಲಾಕ್ಷಿ ದೇವೀರಮ್ಮನನ್ನು ಬೈಯಲಿಲ್ಲ. ಪೊಲೀಸರನ್ನೂ ಕರೆಯಲಿಲ್ಲ. ಓದಿದವಳು, ನಾಜೂಕಿನವಳು. ನಾಳೆಯಿಂದ ಬರಬೇಡ ಎಂದಷ್ಟೇ ಹೇಳಿ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದಳು. "ನಮ್ಮ ಮನೆಯಲ್ಲಿ ಬೆಳ್ಳಿಯ ಲಕ್ಷ್ಮಿ ಮುಖವಾಡ ಕಾಣೆಯಾಗಿದೆ. ಯಾರ ಮೇಲೂ ಆರೋಪ ಮಾಡುತ್ತಿಲ್ಲ. ನಿಮ್ಮ ನಿಮ್ಮ ಮನೆಗಳಲ್ಲಿ ಎಚ್ಚರವಾಗಿರಿ." ಯಾರ ಮೇಲೂ ಆರೋಪ ಮಾಡದ ಆ ಮೂರು ಸಾಲಿನಿಂದ ವಾರದೊಳಗೆ ಉಳಿದ ಆರು ಮನೆಗಳೂ ದೇವೀರಮ್ಮನಿಗೆ ಬಾಗಿಲು ಹಾಕಿದವು.

ಎಂಟು ತಿಂಗಳಾದ ಮೇಲೆ, ಏಪ್ರಿಲ್‌ನಲ್ಲಿ, ತಂಗಿಯ ಮಗಳ ಮದುವೆಗೆಂದು ವಿಮಲಾಕ್ಷಿ ಬೀರುವಿನಿಂದ ಆ ರೇಷ್ಮೆ ಸೀರೆ ತೆಗೆದಳು. ದೇವಿಗೆ ಉಡಿಸಿದ್ದ ಸೀರೆ ಎಂದು ಯಾರೂ ಉಡದೆ ಮಡಿಸಿಟ್ಟಿದ್ದರು. ಮಡಿಕೆ ಬಿಚ್ಚಿದಳು. ಒಳಗಿಂದ ಮುಖವಾಡ ಠಣ್ಣೆಂದು ನೆಲಕ್ಕೆ ಬಿತ್ತು. ಕಲಶ ಕದಲಿಸುವಾಗ ಸೀರೆಯೊಂದಿಗೆ ತಾನೇ ಸುತ್ತಿಟ್ಟಿದ್ದಳು.

ಬೀರು ಇರುವುದು ಪಡುವಣ ಗೋಡೆಗೆ ಒತ್ತಿ. ಅಲ್ಲಿ ನಿಂತು ಧನಂಜಯ ಒಂದು ಮಾತು ಹೇಳಿದ, ಅವಳು ಒಂದು ಮಾತು ಹೇಳಿದಳು. ಅವಳು ಹೇಳಿದ್ದರಲ್ಲಿ ಕೊನೆಯ ವಾಕ್ಯ ಒಂದಿತ್ತು. ಅದನ್ನು ಈ ಮೂರು ವರ್ಷ ಅವಳು ಮನಸ್ಸಿನೊಳಗೂ ಪೂರ್ತಿ ನೆನೆಸಿಕೊಂಡಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಬೇರೆ ಯಾವುದಾದರೂ ಕೆಲಸ ಹುಡುಕಿಕೊಂಡು ಎದ್ದುಬಿಡುತ್ತಿದ್ದಳು.

ಆ ಸಂಜೆ ಅವಳು ಗಂಡನಿಗೆ ಲೆಕ್ಕ ತೋರಿಸಿದಳು. ಧನಂಜಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಅದಕ್ಕಿಂತ ಮುಂಚೆ ನೀನೇ ಹೋಗಿ ಹೇಳ್ಬಿಡು ವಿಮಲಾ."

"ಏನಂತ ಹೇಳ್ಲಿ?"

"ಸಿಕ್ತು ಅಂತ."

"ಯಾವಾಗ ಸಿಕ್ತು ಅಂತ ಕೇಳಿದ್ರೆ? ನಿನ್ನೆ ಸಿಕ್ತು ಅಂತ ಹೇಳಿದ್ರೂ ಗೋಡೆ ಬಿಡಲ್ವಲ್ಲ."

"ಅಲ್ವೇ, ನಿನ್ನೆ ಸಿಕ್ತು ಅಂತ ಯಾಕೆ ಹೇಳ್ಬೇಕು?" ಎಂದ ಧನಂಜಯ. ತನ್ನ ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದವರೆಲ್ಲ ತಿದ್ದಿಕೊಳ್ಳುತ್ತಾರೆ ಎಂದು ಯಾರೂ ತಿಳಿಯಬಾರದು. ಬಚ್ಚಿಟ್ಟುಕೊಳ್ಳುವುದಕ್ಕೂ ನಾಚಿಕೆಯೇ ಕಾರಣವಾಗುತ್ತದೆ.

ಇತ್ತ ಬಡಾವಣೆಯ ಜನ ಹೊಸ ಬದುಕಿಗೆ ಬೇಗ ಹೊಂದಿಕೊಂಡರು. ಗಂಡಹೆಂಡಿರು ಜಗಳಕ್ಕೆ ಟೆರೇಸಿಗೆ ಹತ್ತತೊಡಗಿದರು. ಮಕ್ಕಳ ಮದುವೆಯ ಮಾತುಕತೆಗೆ ಕಾರಿನೊಳಗೆ ಕೂತು ಗಾಜು ಏರಿಸಿದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೆಲವರು ತಮ್ಮ ಗೋಡೆಯ ಮಾತು ಮುಚ್ಚಲು ಹಿಟ್ಟಿಲ್ಲದ ಮಿಕ್ಸಿ ಓಡಿಸಿದರು. ಉಳಿದವರು ಬೇರೆಯವರ ಗೋಡೆ ಕೇಳಲು ಛತ್ರಿ ಹಿಡಿದು ಪಾರ್ಕಿಗೆ ಬಂದರು. ಮೂರನೆಯ ವಾರದ ಹೊತ್ತಿಗೆ ಅಲ್ಲಿ ಒಂದು ಕಡಲೆಕಾಯಿ ಗಾಡಿಯೂ ನಿಂತಿತು. ವಧುವಿಗೆ ಇಪ್ಪತ್ತಾರು ಎಂದು ಹೇಳಿ ಮೂವತ್ತೊಂದಕ್ಕೆ ಮದುವೆ ಮಾಡಿದವರು, ಗುಡಿಯ ಪ್ರಸಾದವನ್ನು ಬಚ್ಚಲಿಗೆ ಸುರಿದವರು, ಪಕ್ಕದ ಮನೆಯವರ ಹೊಸ ಕಾರಿಗೆ ಒಳ್ಳೆಯದಾಗದಿರಲೆಂದು ಹಾರೈಸಿದವರು, ಎಲ್ಲರೂ ಒಬ್ಬೊಬ್ಬರಾಗಿ ಬಯಲಾದರು. ಒಬ್ಬರನ್ನು ನೋಡಿ ನಕ್ಕವರಿಗೆ ಮಾರನೆಯ ದಿನ ತಮ್ಮ ಸರದಿ ಬರುತ್ತಿತ್ತು.

ಅದೇ ಪಾರ್ಕಿನಲ್ಲಿ ದೇವೀರಮ್ಮ ಇದ್ದಳು. ಮನೆಗೆಲಸ ಹೋದ ಮೇಲೆ ಒಂದು ವರ್ಷ ಎಲ್ಲೆಲ್ಲೋ ಅಲೆದು, ಪಾರ್ಕು ಗುಡಿಸುವ ಗುತ್ತಿಗೆಯವನ ಬಳಿ ಸೇರಿಕೊಂಡಿದ್ದಳು. ಗುತ್ತಿಗೆಯವನು ಹೊರಗಿನವನು, ಅವನಿಗೆ ವಾಟ್ಸಾಪ್ ಗುಂಪು ಗೊತ್ತಿರಲಿಲ್ಲ. ಸೀರೆಯ ಮೇಲೆ ಹಸಿರು ಕೋಟು ಹಾಕಿಕೊಂಡು ಬೆಳಗಿನಿಂದ ಗುಡಿಸಿ, ಮಧ್ಯಾಹ್ನ ಬುತ್ತಿ ಬಿಚ್ಚಲು ಹೊಂಗೆ ಮರದ ಕೆಳಗೆ ಕೂರುತ್ತಿದ್ದಳು. ಮೊದಲು ಕೊಳಾಯಿಯ ಹತ್ತಿರದ ಮರದ ಕೆಳಗೆ ಕೂರುತ್ತಿದ್ದವಳು, ಗೋಡೆಗಳು ಮಾತಾಡಲು ಶುರುಮಾಡಿದ ಮೇಲೆ ಮೂವತ್ತೇಳನೇ ನಂಬರಿನ ಎದುರಿನ ಮರಕ್ಕೆ ಬಂದಿದ್ದಳು. ಆ ಮರದ ನೆರಳು ಹೆಚ್ಚು ಎಂದುಕೊಂಡಳು ವಿಮಲಾಕ್ಷಿ. ಹಾಗೆ ಅಂದುಕೊಳ್ಳುವುದು ಅವಳಿಗೆ ಅನುಕೂಲವಾಗಿತ್ತು.

ಹತ್ತನೆಯ ದಿನ ಅವಳು ರಜೆ ಹಾಕಿ, ಒಂದು ತಂಬಿಗೆ ಮಜ್ಜಿಗೆ ಹಿಡಿದು ರಸ್ತೆ ದಾಟಿದಳು. ಹೇಳಿಬಿಡುವುದೆಂದೇ ಹೊರಟಿದ್ದಳು.

"ದೇವೀರಮ್ಮ, ಮಜ್ಜಿಗೆ ಕುಡೀತೀಯಾ? ಬಿಸಿಲು ಜೋರಾಗಿದೆ."

"ಬ್ಯಾಡಿ ಅಮ್ಮಾವ್ರೆ. ನೀರದೆ."

"ಚೆನ್ನಾಗಿದೀಯಾ?"

"ಇವ್ನಿ."

ಅಷ್ಟೇ. ದೇವೀರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾತು ಮುಂದುವರಿಸಲು ಒಂದು ಹಿಡಿ ಸಿಗುತ್ತಿತ್ತು. ವಿಮಲಾಕ್ಷಿ ತಂಬಿಗೆಯನ್ನು ಹಾಗೇ ಹಿಡಿದುಕೊಂಡು ವಾಪಸಾದಳು. ಮಜ್ಜಿಗೆಯನ್ನು ಕರಿಬೇವಿನ ಗಿಡಕ್ಕೆ ಸುರಿದು, ಪ್ರಯೋಗಾಲಯಕ್ಕೆ ಫೋನು ಮಾಡಿ, ಗೋಡೆಯನ್ನು ಬಾಯಿ ಮುಚ್ಚಿಸುವ ದಾರಿ ಏನಾದರೂ ಸಿಕ್ಕಿತೇ ಎಂದು ನಿಲೋಫರಳನ್ನು ಕೇಳಿದಳು.

ಹದಿನೈದನೆಯ ದಿನ ದಾರಿ ಸಿಕ್ಕಿತು. ಒತ್ತಡದ ಹಬೆ. ಬಿಸಿಲು ಎಳೆಗಳನ್ನು ಒಂದೊಂದಾಗಿ ಸಡಿಲಿಸಿದರೆ, ಹಬೆ ಎಲ್ಲವನ್ನೂ ಒಟ್ಟಿಗೇ ನೆಟ್ಟಗೆ ಮಾಡುತ್ತದೆ. ಒಂಬತ್ತು ವರ್ಷದ ಮಾತು ಒಂದೇ ಸಲ ಹೊರಬಿದ್ದು ಬರೀ ಹುಸ್ಸೆಂಬ ಸದ್ದಾಗಿ ಕೊನೆಗೊಳ್ಳುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ.

"ಆದ್ರೆ ಅದಾದ್ಮೇಲೆ ಏನೂ ಉಳಿಯಲ್ಲ ಮೇಡಂ" ಎಂದಳು ನಿಲೋಫರ್. "ಒಳ್ಳೇದೂ ಹೋಗತ್ತೆ. ನಿಮ್ಮ ಅತ್ತೆಯವರ ದನಿ ಇನ್ನೇನಾದ್ರೂ ಬಾಕಿ ಇದ್ರೆ ಅದೂ."

"ಪರವಾಗಿಲ್ಲ. ಮೊದಲು ನಮ್ಮನೇ ಗೋಡೆ ಮೇಲೇ ಪ್ರಯೋಗ ಮಾಡೋಣ. ಬೇರೆಯವರ ಗೋಡೆ ಕೆಟ್ಟರೆ ಕಷ್ಟ."

ನಿಲೋಫರ್ ಅವಳನ್ನು ಮೆಚ್ಚುಗೆಯಿಂದ ನೋಡಿದಳು. ಆ ನೋಟವನ್ನು ವಿಮಲಾಕ್ಷಿಗೆ ತಡೆದುಕೊಳ್ಳಲಾಗಲಿಲ್ಲ. ಹಬೆಯ ಯಂತ್ರ ಬರುವುದು ಶನಿವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಅದು ಹದಿನೇಳನೆಯ ದಿನ. ಒಂದು ದಿನ ಮಿಕ್ಕಿತು ಎಂದು ಅವಳು ಉಸಿರು ಬಿಟ್ಟಳು.

ಹದಿನಾರನೆಯ ದಿನವೊಂದಿದೆ ಎನ್ನುವುದನ್ನು ಅವಳು ಮರೆತಿದ್ದಳು.

ಶುಕ್ರವಾರ ಮಧ್ಯಾಹ್ನ ಅವಳು ಕಿಟಕಿಯ ಪರದೆಯ ಹಿಂದೆ ನಿಂತಿದ್ದಳು. ಪಾರ್ಕಿನಲ್ಲಿ ಇಪ್ಪತ್ತೈದು ಮೂವತ್ತು ಜನ. ಗೋಡೆ ಆ ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿಯನ್ನು ಹೊರಹಾಕಿತು, ಆರತಿಯ ಹಾಡಿನ ಒಂದೆರಡು ಚೂರುಗಳನ್ನು ಹೊರಹಾಕಿತು. ಆಮೇಲೆ ಅವಳ ದನಿ, ಜೋರಾಗಿ, ಸ್ಪಷ್ಟವಾಗಿ: "ಅವಳೇ ತಗೊಂಡಿರೋದು. ದೇವೀರಮ್ಮನೇ. ದೇವರ ಕೋಣೆ ತನಕ ಇನ್ಯಾರ್ ಬರ್ತಾರೆ ಹೇಳಿ!"

ಛತ್ರಿಗಳೆಲ್ಲ ಒಟ್ಟಿಗೆ ಹೊಂಗೆ ಮರದ ಕಡೆ ತಿರುಗಿದವು.

ದೇವೀರಮ್ಮ ಬುತ್ತಿಯ ಮುಚ್ಚಳವನ್ನು ಮುಚ್ಚಿದಳು. ಯಾರೋ ಹೆಂಗಸು ತನ್ನ ಪರ್ಸನ್ನು ಸೊಂಟದಿಂದ ಮುಂದಕ್ಕೆ ಎಳೆದುಕೊಂಡಿದ್ದನ್ನು ವಿಮಲಾಕ್ಷಿ ಕಂಡಳು. ಕಡಲೆಕಾಯಿ ಮಾರುವವನು ಸುಮ್ಮನೆ ಗಾಡಿಯನ್ನು ನಾಲ್ಕು ಹೆಜ್ಜೆ ಆಚೆ ತಳ್ಳಿದ. ದೇವೀರಮ್ಮ ಎದ್ದು ಹೋಗಲಿಲ್ಲ. ನಾಲ್ಕು ಗಂಟೆಯವರೆಗೆ, ಗೋಡೆ ಸುಮ್ಮನಾಗುವವರೆಗೆ, ಅಲ್ಲೇ ಕೂತಿದ್ದಳು.

ಮೂರೂವರೆ ವರ್ಷದ ಹಿಂದೆ ವಿಮಲಾಕ್ಷಿ ಆ ಸಂದೇಶದಲ್ಲಿ ಹೆಸರು ಹಾಕದೆ ಬಚಾವಾಗಿದ್ದಳು. ಈಗ ಹೆಸರು ಹಿಡಿದು, ಬೀದಿಯಲ್ಲಿ, ಅವಳ ದನಿಯೇ ಕೂಗಿತ್ತು. ಈಗಲಾದರೂ ಬಾಗಿಲು ತೆರೆದು ಹೊರಗೆ ಓಡಬೇಕಿತ್ತು. ಓಡಲಿಲ್ಲ. ನಾಳೆ ಹಬೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ನಿಂತಳು.

ಶನಿವಾರ ಬೆಳಿಗ್ಗೆ ಯಂತ್ರ ಬಂತು. ನಿಲೋಫರ್ ಕೊಳವೆ ಹಿಡಿದಳು. ಗೋಡೆಯುದ್ದಕ್ಕೂ ಹಬೆ ಹರಿಯಿತು, ಒಂದು ದೊಡ್ಡ ನಿಟ್ಟುಸಿರಿನಂಥ ಸದ್ದು ಬಂತು. ನಡುವೆ ಎಲ್ಲೋ ಒಂದು ಕ್ಷಣ ಹೆಂಗಸೊಬ್ಬಳು ನಕ್ಕಂತೆ ಕೇಳಿಸಿತು. ಧನಂಜಯ ತಾಯಿಯ ನಗುವೇನೋ ಎಂದು ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಮುಗಿದಿತ್ತು. ಅಂದು ಮಧ್ಯಾಹ್ನ ಮೂವತ್ತೇಳನೇ ನಂಬರಿನ ಗೋಡೆ ಒಂದು ಸೊಲ್ಲೂ ಆಡಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ತಮ್ಮ ಮನೆಗೆ ಯಾವಾಗ ಎಂದು ಮುಗಿಬಿದ್ದರು. ಪಾಲಾಕ್ಷಪ್ಪನವರ ಕಣ್ಣಲ್ಲಿ ನೀರೇ ಬಂತು. ಬಡಾವಣೆಯ ಮಾನ ಉಳಿಸಿದ ವಿಮಲಾಕ್ಷಿಯವರಿಗೆ ನಾಳೆ ಸಂಜೆಯೇ ಸಮುದಾಯ ಭವನದಲ್ಲಿ ಸನ್ಮಾನ ಎಂದು ಅಲ್ಲೇ ಘೋಷಿಸಿದರು. ಶಾಲು, ಹಾರ, ಮೈಸೂರು ಪೇಟ ಇವೆಲ್ಲ ಅವರ ಮನೆಯ ಕಪಾಟಿನಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿದ್ದವು.

ಭಾನುವಾರ, ಹದಿನೆಂಟನೆಯ ದಿನ, ಮಧ್ಯಾಹ್ನ ಎರಡು ಗಂಟೆ. ಪಾರ್ಕಿನ ಈ ಬದಿಯಲ್ಲಿ ಯಾರೂ ಇರಲಿಲ್ಲ, ಛತ್ರಿಗಳು ಬೇರೆ ಮನೆಗಳ ಎದುರಿಗೆ ಸರಿದಿದ್ದವು. ಈ ಗೋಡೆಯಲ್ಲಿ ಇನ್ನು ಕೇಳಲು ಏನಿದೆ? ವಿಮಲಾಕ್ಷಿ ಪರದೆ ಸರಿಸಿದಳು. ಹೊಂಗೆ ಮರದ ಕೆಳಗೆ ದೇವೀರಮ್ಮ ಒಬ್ಬಳೇ ಇದ್ದಳು. ಭಾನುವಾರ ಅವಳಿಗೆ ಕೆಲಸವಿಲ್ಲ. ಹಸಿರು ಕೋಟು ಇರಲಿಲ್ಲ. ತಲೆ ಬಾಚಿ, ಒಗೆದ ಸೀರೆಯುಟ್ಟು ಬಂದಿದ್ದಳು. ಕೈಯಲ್ಲಿ ಗಾಜು ಒಡೆದ ಒಂದು ಫೋನು. ಅದನ್ನು ಗೋಡೆಯ ಕಡೆಗೆ ಹಿಡಿದುಕೊಂಡು ಕೂತಿದ್ದಳು.

ಮೂರು ಗಂಟೆಯಾಯಿತು. ಫೋನು ಹಿಡಿದ ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿದಳು. ಆಗ ವಿಮಲಾಕ್ಷಿಗೆ ತಡೆಯಲಾಗಲಿಲ್ಲ, ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿದಳು. ಡಾಂಬರು ಕಾಲು ಸುಟ್ಟಿತು.

"ಏನ್ ಕಾಯ್ತಿದೀಯಾ ದೇವೀರಮ್ಮ?"

"ನಿಮ್ ಗೋಡೆ ಮಾತಾಡದ್ನ."

"ಅದಕ್ಕೆ ಹಬೆ ಹಾಕಾಯ್ತಲ್ಲ. ಇನ್ಮೇಲೆ ಅದು ಮಾತಾಡಲ್ಲ."

ದೇವೀರಮ್ಮ ಅವಳನ್ನು ನೋಡಿದಳು. "ಪೂರ್ತಿ ಹೋಯ್ತಾ? ಒಂದ್ ಚೂರೂ ಉಳಿದಿಲ್ವಾ?"

"ಇಲ್ಲ."

ದೇವೀರಮ್ಮ ಫೋನನ್ನು ಮಡಿಲಿಗೆ ಇಳಿಸಿದಳು. ಆಮೇಲೆ ಮಗುವಿಗೆ ಪಾಠ ಹೇಳಿಕೊಡುವವಳ ಹಾಗೆ ನಿಧಾನವಾಗಿ ಹೇಳಿದಳು:

"ನಾನ್ ತಗಂಡಿಲ್ಲ ಅಂತ ನಂಗ್ ಗೊತ್ತಲ್ವಾ ಅಮ್ಮಾವ್ರೆ. ನಾನ್ ತಗಂಡಿಲ್ಲ ಅಂದ್ರೆ ಅದು ಮನೇಲೇ ಇರ್ಬೇಕು. ಮನೇಲಿ ಇದ್ರೆ ಯಾವತ್ತೋ ಒಂದಿನ ಸಿಕ್ಕಿರ್ಬೇಕು. ಸಿಕ್ಕಿದ್ ದಿನ ನೀವು ಅಯ್ಯೋ ಅಂತಾದ್ರೂ ಅಂದಿರ್ಬೇಕಲ್ವಾ? ಆ ಅಯ್ಯೋ ಗೋಡೇಲಿ ಇರ್ತದೆ. ಅದು ಬರ್ಲಿ, ಫೋನಲ್ಲಿ ಹಿಡ್ಕಳವ, ಏಳ್ ಮನೇಗೂ ಕೇಳ್ಸವ ಅಂತ ಕಾಯ್ತಿದ್ದೆ. ನಾನ್ ಯೋಳಿದ್ರೆ ಯಾರ್ ನಂಬ್ತಾರೆ? ಗೋಡೆ ಯೋಳಿದ್ರೆ ನಂಬ್ತಿದ್ರು."

ವಿಮಲಾಕ್ಷಿ ಮೂವತ್ತು ವರ್ಷ ವಿಜ್ಞಾನ ಮಾಡಿದವಳು. ಇಷ್ಟು ನೇರವಾದ ತರ್ಕವನ್ನು ಯಾವ ಪ್ರಬಂಧದಲ್ಲೂ ಓದಿರಲಿಲ್ಲ. ಈ ಹೆಂಗಸಿಗೆ ಈ ಲೋಕದಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ತಾನು ನಿನ್ನೆ ಬೆಳಿಗ್ಗೆ ಚಪ್ಪಾಳೆಗಳ ನಡುವೆ ಅಳಿಸಿಹಾಕಿದೆ ಎಂದು ಅವಳಿಗೆ ಹೊಳೆಯಿತು. ಅದರ ಹಿಂದಿನ ದಿನದ ಆರೋಪ ಮಾತ್ರ ಎಲ್ಲರ ಕಿವಿಯಲ್ಲೂ ಉಳಿದಿತ್ತು. ಅವಳಿಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

"ಸಿಕ್ತು ದೇವೀರಮ್ಮ" ಎಂದಳು. "ಸೀರೆ ಒಳಗಿತ್ತು. ನಾನೇ ಸುತ್ತಿಟ್ಟಿದ್ದೆ. ಸಿಕ್ಕಿ ಮೂರು ವರ್ಷ ಆಯ್ತು."

ದೇವೀರಮ್ಮನ ಕಣ್ಣು ತುಂಬಿದವು, ಆದರೆ ದನಿ ಬದಲಾಗಲಿಲ್ಲ. "ಮೂರ್ ವರ್ಷ" ಎಂದಳು. "ನನ್ ಮಗ್ಳು ಮದ್ವೆಲಿ ಬೀಗ್ರು ಕೇಳಿದ್ರು, ನಿಮ್ಮವ್ವ ಕದ್ದಿದ್ಲಂತೆ ಹೌದಾ ಅಂತ. ಅದು ಹೋದ್ ವರ್ಷ. ಆವಾಗ ಅದು ನಿಮ್ ಬೀರುವಲ್ಲಿತ್ತು."

"ನನ್ನ ಕ್ಷಮಿಸ್ಬಿಡು."

"ನಂಗ್ಯಾಕ್ ಯೋಳ್ತೀರಾ? ನಂಗ್ ಮೊದ್ಲೇ ಗೊತ್ತಿತ್ತು. ಅವ್ರಿಗ್ ಯೋಳಿ." ದೇವೀರಮ್ಮ ಸಾಲು ಮನೆಗಳ ಕಡೆ ಕೈ ತೋರಿಸಿದಳು. ಆಮೇಲೆ ಎದ್ದು, ಸೀರೆಯ ಎಲೆಕಸ ಕೊಡವಿಕೊಂಡು, ಗೇಟಿನ ಕಡೆ ನಡೆದಳು.

ಸಂಜೆ ಆರಕ್ಕೆ ಸಮುದಾಯ ಭವನ ಭರ್ತಿಯಾಗಿತ್ತು. ಹಳೆಯ ಆಲದ ಮರದ ನೆರಳಿನಲ್ಲಿ ತಣ್ಣಗಿದ್ದ ಕಟ್ಟಡ ಅದು, ಅದರ ಗೋಡೆಗಳು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬಿಡುವ ಮುಂಚೆಯೇ ಸೋಮವಾರ ಹಬೆ ಹಾಕಿಸುವುದೆಂದು ಸಂಘ ತೀರ್ಮಾನಿಸಿತ್ತು. ಪಾಲಾಕ್ಷಪ್ಪನವರು ವಿಮಲಾಕ್ಷಿಗೆ ಶಾಲು ಹೊದಿಸಿ, ಹಾರ ಹಾಕಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತರು. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಮೊದಲ ಸಾಲಿನಲ್ಲಿ ಧನಂಜಯ ತಲೆ ತಗ್ಗಿಸಿ ಕೂತಿದ್ದ. ಅವನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಮುಖವಾಡ ಇತ್ತು. ಅದನ್ನು ತರಲು ಅವಳೇ ಹೇಳಿದ್ದಳು. ಹಿಂದಿನ ಬಾಗಿಲಿನ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ, ದೇವೀರಮ್ಮ ನಿಂತಿದ್ದಳು.

ವಿಮಲಾಕ್ಷಿ ಮೈಕು ಹಿಡಿದಳು.

"ನಾನು ಗೋಡೆಗೆ ಹಬೆ ಹಾಕಿದ್ದು ನಿಮಗೋಸ್ಕರ ಅಲ್ಲ. ಶುಕ್ರವಾರ ನೀವೆಲ್ಲ ನಮ್ಮ ಗೋಡೆ ಹೇಳಿದ್ದನ್ನ ಕೇಳಿದ್ರಿ. ಅದು ಸುಳ್ಳು. ಮುಖವಾಡ ನಮ್ಮನೇಲೇ ಇತ್ತು. ಮೂರು ವರ್ಷದ ಹಿಂದೆ ಸಿಕ್ತು. ನಾವು ಹೇಳ್ಲಿಲ್ಲ. ನಮ್ಮಿಂದ ತಪ್ಪಾಗಿದೆ. ದೇವೀರಮ್ಮನಿಗೆ ಅನ್ಯಾಯ ಆಗಿದೆ..."

ಧನಂಜಯ ಎದ್ದು ಟವೆಲು ಬಿಚ್ಚಿದ. ಸಭೆಯಲ್ಲಿ ಗುಜುಗುಜು ಎದ್ದಿತು. ಪಾಲಾಕ್ಷಪ್ಪನವರು ಗಾಬರಿಯಾಗಿ ಮುಂದೆ ಬಂದರು. "ಆಯ್ತು ಆಯ್ತು ಮೇಡಂ, ಹಳೇ ವಿಷಯ. ಎಲ್ಲರ ಮನೇಲೂ ಒಂದೊಂದು ಇದ್ದೇ ಇರತ್ತೆ. ನೀವು ಒಪ್ಕೊಂಡ್ರಲ್ಲ, ಅದು ದೊಡ್ಡ ಗುಣ. ಎಲ್ಲರೂ ಒಂದ್ ಚಪ್ಪಾಳೆ..."

ನಾಲ್ಕಾರು ಜನ ಚಪ್ಪಾಳೆಯನ್ನೂ ತಟ್ಟಿದರು. ತಪ್ಪೊಪ್ಪಿಕೊಂಡದ್ದಕ್ಕೆ ಇನ್ನೊಂದು ಸನ್ಮಾನವಾಗುವ ಹಾಗಿತ್ತು. ಒಂದು ಕ್ಷಣ ವಿಮಲಾಕ್ಷಿಗೆ ಸಮಾಧಾನವೂ ಆಯಿತು. ಆ ಸಮಾಧಾನಕ್ಕಾಗಿ ಆಮೇಲೆ ಅವಳು ಬಹಳ ದಿನ ನಾಚಿದಳು.

"ಹಂಗಲ್ಲ ಅಮ್ಮಾವ್ರೆ" ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ತಿರುಗಿದರು. ದೇವೀರಮ್ಮ ಚಪ್ಪಲಿಗಳ ಪಕ್ಕದಿಂದ ಕದಲಿರಲಿಲ್ಲ. "ತಪ್ಪಾಗದೆ, ಅನ್ಯಾಯ ಆಗದೆ ಅಂತ ಗೋಡೆ ಯೋಳ್ತಿರ್ಲಿಲ್ಲ. ಗೋಡೆ ಹೆಂಗ್ ಯೋಳ್ತಿತ್ತೋ ಹಂಗೇ ಯೋಳಿ."

ಭವನದಲ್ಲಿ ಸದ್ದಡಗಿತು. ಮೌನಗಾರೆಯ ಕೋಣೆಯಲ್ಲಿ ಮೌನವೆಂದರೆ ತಮ್ಮ ಎದೆಬಡಿತ ತಮಗೇ ಕೇಳಿಸುವಂಥದು. ವಿಮಲಾಕ್ಷಿ ಗಂಡನನ್ನು ನೋಡಿದಳು. ಅವನು ಹೇಳು ಎಂಬಂತೆ ತಲೆಯಾಡಿಸಿದ.

ಅವಳು ಪೇಟ ತೆಗೆದು, ಮೈಕಿನ ಜೊತೆ ಮೇಜಿನ ಮೇಲಿಟ್ಟಳು. ಹೇಳಿದಳು.

"ನಮ್ಮನೆಯವರು ಅಂದ್ರು, ಅಯ್ಯೋ ಇಲ್ಲೇ ಇತ್ತಾ, ಪಾಪ, ದೇವೀರಮ್ಮಂಗೆ ಹೇಳ್ಬೇಕು ಕಣೆ, ಅಂತ. ನಾನಂದೆ, ಸುಮ್ನಿರ್ರೀ, ಈಗ ಹೇಳಿದ್ರೆ ಲೇಔಟಲ್ಲಿ ನಮ್ಮ ಮರ್ಯಾದೆ ಏನಾಗತ್ತೆ. ಎಂಟು ತಿಂಗಳಾಯ್ತು, ಅವಳಿಗೂ ಅಭ್ಯಾಸ ಆಗಿರತ್ತೆ." ಅಲ್ಲಿಗೆ ಅವಳ ದನಿ ನಿಂತಿತು. ಮೂರು ವರ್ಷ ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಿದ್ದ ವಾಕ್ಯ ಮುಂದಿತ್ತು. ಈ ಸಲ ಎದ್ದುಹೋಗಲು ಜಾಗವಿರಲಿಲ್ಲ. "ಆ ಜನಕ್ಕೆ ನಮ್ಮ ಥರ ನಾಚಿಕೆ ಎಲ್ಲಿರತ್ತೆ, ಎರಡು ದಿನ ಅತ್ತು ಮರೀತಾರೆ. ಹಾಗಂದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲ ಸಾಲಿನಲ್ಲಿದ್ದ, ಒಂದು ಕಾಲದಲ್ಲಿ ದೇವೀರಮ್ಮನಿಗೆ ಬಾಗಿಲು ಹಾಕಿದ್ದ ಆರು ಮನೆಯವರಲ್ಲಿ ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಾಲಾಕ್ಷಪ್ಪನವರು ಮೈಕಿನ ತಂತಿಯನ್ನು ನೋಡುತ್ತಾ ನಿಂತರು.

ದೇವೀರಮ್ಮ ಕಣ್ಣು ಒರೆಸಿಕೊಂಡಳು. "ಈ ಕಟ್ಟಡದ ಗೋಡೆಗೆ ನಾಳೆ ಹಬೆ ಹಾಕ್ತೀರಂತೆ" ಎಂದಳು. "ಇದೊಂದಕ್ಕೆ ಹಾಕ್ಬ್ಯಾಡಿ."

ಹಬೆ ಹಾಕಲೇಬೇಕು ಎನ್ನುವವರು ಸಭೆಯಲ್ಲಿ ಬಹಳ ಜನ ಇದ್ದರು. ಭವನದ ಗೋಡೆ ಬಾಯಿ ಬಿಟ್ಟರೆ ಯಾರ ಯಾರ ಬೀಗತನದ ಮಾತು ಹೊರಬೀಳುವುದೋ ಎಂಬ ದಿಗಿಲು ಎಲ್ಲರಿಗೂ ಇತ್ತು. ಆದರೂ ಆಗ ಯಾರಿಗೂ ಬಾಯಿ ಬರಲಿಲ್ಲ.

"ಹಾಕಲ್ಲ" ಎಂದಳು ವಿಮಲಾಕ್ಷಿ.

ಅಷ್ಟರಲ್ಲಿ ಅವಳಿಗೆ ಒಂದು ವಿಷಯ ನೆನಪಾಯಿತು. ವೇದಿಕೆ ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿತ್ತು. ಅವಳು ಕೂಗಿ ಹೇಳಿರಲಿಲ್ಲ, ಮೆಲ್ಲಗೆ ಹೇಳಿದ್ದಳು. ಇಲ್ಲಿಂದ ಆಡಿದ್ದು ಗಾರೆಯಲ್ಲಿ ನಿಲ್ಲುವುದಿಲ್ಲ, ಕಲಸಿಹೋಗುತ್ತದೆ. ಇದು ಸಭೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಸುಮ್ಮನಿದ್ದುಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ.

ಅವಳು ಹಾರವನ್ನು ಕತ್ತಿನಿಂದ ತೆಗೆದಳು. ವೇದಿಕೆಯ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಪಡುವಣ ಗೋಡೆಯ ಹತ್ತಿರ ಹೋದಳು. ದೇವೀರಮ್ಮನನ್ನು ಕೈಸನ್ನೆ ಮಾಡಿ ಕರೆದಳು. ದೇವೀರಮ್ಮ ಬಂದು ಪಕ್ಕದಲ್ಲಿ ನಿಂತಳು. ವಿಮಲಾಕ್ಷಿ ಗೋಡೆಗೆ ಒಂದು ತೋಳಿನಳತೆಯಲ್ಲಿ ನಿಂತು, ತನ್ನ ಹೆಸರು ಹೇಳಿ, ತಾರೀಖು ಹೇಳಿ, ಮೊದಲಿನಿಂದ ಕೊನೆಯ ವಾಕ್ಯದವರೆಗೆ ಒಂದು ಅಕ್ಷರವೂ ಬಿಡದೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು.